ಸೀಲ್ ಕವರಿಗೆ ಅರಿಶಿನ

ಜನವರಿ 12, ಸೋಮವಾರ. ಬೆಳಿಗ್ಗೆ ಆರೂವರೆ

ಮಾದಪ್ಪನ ಒಪ್ಪೊತ್ತು. ಬರೀ ಕಾಫಿ. ಅಂಗಳ ಸಾರಿಸಿ ರಂಗೋಲಿ ಬಿಟ್ಟಾಯಿತು, ಡೈರಿಗೆ ಹಾಲು ಹಾಕಿದ್ದಾಯಿತು. ರೇಷ್ಮೆಹುಳು ಪೊರೆ ಬಿಡಲು ಮೂರನೇ ಜ್ವರಕ್ಕೆ ಕೂತಿವೆ, ಇವತ್ತು ಸೊಪ್ಪು ಹಾಕುವಂತಿಲ್ಲ. ಅದಕ್ಕೇ ರಾಮನಗರಕ್ಕೆ ಹೊರಟಿದ್ದೇನೆ. ಸೊಸೆ ನವ್ಯಶ್ರೀಯ ಹಳೇ ಕಾಲೇಜಿಗೆ.

ಅಲ್ಲಿ ಎರಡು ವರ್ಷ ಬಿ.ಎಸ್ಸಿ. ಓದಿದ್ದಳು. ಮದುವೆ, ಬಾಣಂತನ... ನಿಂತುಹೋಯಿತು. ಈಗ ಸ್ಕಾಲರ್‌ಶಿಪ್ ಸಿಕ್ಕಿ ನ್ಯೂಜಿಲೆಂಡ್‌ನಲ್ಲಿದ್ದಾಳೆ. ಮಾರ್ಚಿಗೆ ಡಿಗ್ರಿ ಶುರು. ಇಲ್ಲಿ ಓದಿದ್ದನ್ನು ಅಲ್ಲಿಯವರು ಒಪ್ಪಿದರೆ — ಕ್ರೆಡಿಟ್ ಟ್ರಾನ್ಸ್‌ಫರ್ ಅಂತಾಳೆ — ಒಂದೇ ವರ್ಷದಲ್ಲಿ ಮುಗಿಸಿ ಬರುತ್ತಾಳೆ. ಮುಂದಿನ ಜೂನ್‌ಗೆ ಮೊಮ್ಮಗಳು ಪುಟ್ಟಿಯನ್ನು ಒಂದನೇ ಕ್ಲಾಸಿಗೆ ಅವಳೇ ಕೈಹಿಡಿದು ಬಿಡಬಹುದು. ಒಪ್ಪದಿದ್ದರೆ ಮೂರು ವರ್ಷ.

ಒಪ್ಪುತ್ತಾರೆ. ಓದಿದ್ದು ಎಲ್ಲಿಗೆ ಹೋಗುತ್ತದೆ?

ಅದೇ ದಿನ, ಸಂಜೆ

ಕವರ್ ಸಿಕ್ಕಿತು. ಒಳಗೆ ಮಾರ್ಕ್ಸ್ ಕಾರ್ಡು, ಸಿಲಬಸ್ಸು. ಅಂಟಿಸಿದ ಕಡೆ ಅಡ್ಡಕ್ಕೆ ಕಾಲೇಜಿನ ಸೀಲು. ಗುಮಾಸ್ತ ಅನಂತರಾಜು ಒಳ್ಳೆಯವನು, ಕೂರಿಸಿ ಕೊಟ್ಟ.

"ಅಮ್ಮೋ, ಬಿಚ್ಚೀರಾ ಮತ್ತೆ! ಹಿಂಗೇ ಹೋಗ್ಬೇಕು."

"ನಾನ್ಯಾಕಪ್ಪಾ ಬಿಚ್ಚನ? ನಂಗೇನ್ ಇಂಗ್ಲೀಸ್ ಬತ್ತದಾ?"

ಜನವರಿ 13, ಮಂಗಳವಾರ

ಮನಸ್ಸು ತಡೆಯಲಿಲ್ಲ. ಈ ಮನೆಯಿಂದ ಶುಭದ ಕಾಗದ ಯಾವುದೂ ನಾಲ್ಕು ಮೂಲೆಗೆ ಅರಿಶಿನ ಕಾಣದೆ ಹೊಸ್ತಿಲು ದಾಟಿಲ್ಲ. ಬೋಳು ಕಾಗದ ಕಳಿಸುವುದು ಸಾವಿನ ಸುದ್ದಿಗೆ. ಕವರಿನ ಮೇಲೆ ಹಚ್ಚಿದರೆ ದಾರಿಯಲ್ಲಿ ಅಳಿಸಿಹೋಗುತ್ತದೆ. ಹಚ್ಚಬೇಕಾದದ್ದು ಒಳಗಿನದಕ್ಕೆ.

ಅನ್ನದ ಪಾತ್ರೆಯ ಹಬೆಗೆ ಹಿಡಿದೆ. ಮೆಲ್ಲಗೆ ಬಿಟ್ಟುಕೊಂಡಿತು. ಹನ್ನೊಂದು ಹಾಳೆ, ಒಂದೊಂದಕ್ಕೂ ನಾಲ್ಕು ಮೂಲೆ. ಮಾದಪ್ಪನ ಮುಂದಿಟ್ಟು ಕೈಮುಗಿದು, ಅಗುಳು ಅರೆದು ಅಂಟಿಸಿದೆ. ಸೀಲಿನ ಎರಡು ತುಂಡು ಸರಿಯಾಗಿ ಕೂಡಿಸಿದೆ. ಬಿಚ್ಚಬೇಡಿ ಎಂದದ್ದು ಓದುವವರಿಗೆ. ನಾನು ಓದಲಿಲ್ಲ.

ಚನ್ನಪಟ್ಟಣಕ್ಕೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ಬಂದೆ. ಇನ್ನು ಕೆಲಸ ಆದಂತೆಯೇ.

ಜನವರಿ 27, ಮಂಗಳವಾರ. ಮಧ್ಯಾಹ್ನ

ಹಣ್ಣಾದ ಹುಳು ಬಿದಿರಿನ ಚಂದ್ರಿಕೆಗೆ ಬಿಟ್ಟು ಮೂರು ದಿನ. ಗೂಡು ಕಟ್ಟುತ್ತಿವೆ. ಆ ಕೋಣೆಗೆ ಯಾರನ್ನೂ ಬಿಡುತ್ತಿಲ್ಲ.

ನವ್ಯಶ್ರೀ ವಿಡಿಯೋ ಕಾಲ್ ಮಾಡಿದ್ದಳು. ಮುಖ ಊದಿತ್ತು.

"ಅತ್ತೆ, ಕವರ್ ಯಾರೋ ಬಿಚ್ಚವ್ರೆ. ಹಾಳೆ ತುಂಬಾ ಹಳದಿ ಕಲೆ. ಮಾರ್ಕ್ಸ್ ತಿದ್ದಿರ್ಬೋದು ಅಂತ ಯೂನಿವರ್ಸಿಟಿಯವ್ರು ಒಪ್ತಾ ಇಲ್ಲ. ಆ ಗುಮಾಸ್ತಂದೇ ಕೆಲ್ಸ! ಪುಳಿಯೋಗ್ರೆ ತಿಂದ ಕೈಲಿ ಮುಟ್ಟವ್ನೆ. ಪ್ರಿನ್ಸಿಪಾಲ್‌ಗೆ ಮೇಲ್ ಹಾಕಿವ್ನಿ."

ಫೆಬ್ರವರಿ ಇಪ್ಪತ್ತರೊಳಗೆ ಬೇರೆ ಕವರ್ ತಲುಪಬೇಕಂತೆ. ಇಲ್ಲವಾದರೆ ಮೊದಲನೇ ವರ್ಷದಿಂದ.

ಒಲೆ ಮೇಲೆ ಸಾರಿದೆ ಎಂದು ಫೋನ್ ಮಗನ ಕೈಗೆ ಕೊಟ್ಟೆ. ಒಲೆ ಹಚ್ಚಿಯೇ ಇರಲಿಲ್ಲ.

ಫೆಬ್ರವರಿ 2, ಸೋಮವಾರ. ಸಂಜೆ

ಐದು ದಿನ ಬರೆಯಲಿಲ್ಲ. ದೀಪ ಹಚ್ಚಿದಾಗಲೆಲ್ಲ ಅನಂತರಾಜುವಿನ ಮುಖ. ಇವತ್ತು ಒಪ್ಪೊತ್ತು. ಹೊಟ್ಟೆಯಲ್ಲಿ ಸುಳ್ಳಿಟ್ಟುಕೊಂಡು ಉಪವಾಸ ಮಾಡಿದರೆ ಅದು ವ್ರತವಲ್ಲ, ಬರೀ ಹಸಿವು. ಮೊದಲ ಬಸ್ಸಿಗೇ ರಾಮನಗರಕ್ಕೆ ಹೋದೆ.

ಅನಂತರಾಜು ಕಾಗದ ಹಿಡಿದು ಕೂತಿದ್ದ. ಪ್ರಿನ್ಸಿಪಾಲರ ಮೆಮೊ.

"ನಾನೇ ಕಣಪ್ಪಾ ಬಿಚ್ಚಿದ್ದು."

"ಏನಂದ್ರಿ?"

"ಅರಿಸ್ಣ ಹಚ್ಚಕ್ಕೆ. ಅನ್ನ ಹಾಕಿ ಅಂಟಿಸ್ದೆ."

ಬಾಯಿ ಬಿಟ್ಟುಕೊಂಡು ನೋಡಿದ. "ಅಯ್ಯೋ ಶಿವಲಿಂಗಮ್ಮೋರೆ! ಪುಳಿಯೋಗ್ರೆ ತಿಂದು ಕೈ ತೊಳ್ದಿಲ್ಲ ಅಂತ ಮೆಮೊ ಕೊಟ್ಟವ್ರೆ ನಂಗೆ! ಹುಣಸೆಹುಳಿನೇ ಆಗಾಕಿಲ್ಲ ಕಣ್ರೀ, ಗ್ಯಾಸ್ಟ್ರಿಕ್ಕು!"

ಪ್ರಿನ್ಸಿಪಾಲರ ಮುಂದೆಯೂ ನಿಂತು ಅದನ್ನೇ ಹೇಳಿದೆ. ತಲೆ ತಗ್ಗಿಸಲಿಲ್ಲ. ತಪ್ಪು ಮಾಡಿದ್ದು ನಿಜ, ಕೇಡು ಬಯಸಿದ್ದಲ್ಲ. ಮೆಮೊ ಹರಿದರು. ಹೊಸ ಕವರ್ ಕಾಲೇಜಿನವರೇ ಕೊರಿಯರ್ ಮಾಡುತ್ತಾರೆ.

"ಈ ಸಲ ನಿಮ್ ಕೈಗೆ ಕೊಡಾಕಿಲ್ಲ," ಅಂದ ಅನಂತರಾಜು.

"ಕೊಡ್ಬ್ಯಾಡ," ಅಂದೆ.

ಮನೆಗೆ ಬಂದು ನವ್ಯಶ್ರೀಗೂ ಹೇಳಿದೆ. "ಅತ್ತೇ... ಹನ್ನೊಂದು ಹಾಳೆಗೂನಾ?" ನಕ್ಕಳೋ ಅತ್ತಳೋ, ನೆಟ್‌ವರ್ಕ್ ಹೋಯಿತು.

ಫೆಬ್ರವರಿ 6, ಶುಕ್ರವಾರ. ಬೆಳಿಗ್ಗೆ

ನವ್ಯಶ್ರೀ ನಿನ್ನೆ ಹೇಳಿದ್ದು: ಹೊಸ ಕವರ್ ಬಂದರೆ ನೋಡುತ್ತಾರೆ. ಆದರೆ ಮೊದಲಿನದನ್ನು ಯಾರು, ಯಾಕೆ ಬಿಚ್ಚಿದರು ಎಂದು ಯೂನಿವರ್ಸಿಟಿಯವರು ಕೇಳಿದ್ದಾರೆ. ಬಿಚ್ಚಿದವರೇ ಬರೆದು ಸೈನು ಮಾಡಬೇಕು.

"ಅನಂತರಾಜು ಅವ್ರಿಗೂ ಫೋನ್ ಮಾಡಿ ಸಾರಿ ಕೇಳ್ದೆ. ನೀವು ಕನ್ನಡದಲ್ಲೇ ಬರೀರಿ ಅತ್ತೆ, ಇಂಗ್ಲಿಷ್ ನಾನು ಮಾಡ್ತೀನಿ. ಏನೂ ಮುಚ್ಚಿಡ್ಬೇಡಿ."

ನಿನ್ನೆ ಕೂತು ಬರೆದೆ. ಏಳನೇ ಕ್ಲಾಸು ಬಿಟ್ಟ ಮೇಲೆ ಇಷ್ಟು ಹುಷಾರಾಗಿ ಬರೆದದ್ದು ಇದೇ. "ಕವರ್ ಬಿಚ್ಚಿದವಳು ನಾನು, ಅವಳ ಅತ್ತೆ. ಅಕ್ಷರ ಮುಟ್ಟಿಲ್ಲ, ಮೂಲೆ ಮಾತ್ರ ಮುಟ್ಟಿದ್ದೇನೆ. ಆ ಹಳದಿ ನಮ್ಮಲ್ಲಿ ಒಳ್ಳೆಯದಾಗಲಿ ಎನ್ನುವ ಗುರುತು. ಗೂಡು ಕಟ್ಟುವ ಹುಳುವನ್ನು ಮುಟ್ಟಬಾರದು ಎಂದು ನನಗೆ ಗೊತ್ತು. ಸೀಲ್ ಹಾಕಿದ ಕವರೂ ಹಾಗೆಯೇ ಎಂದು ಗೊತ್ತಿರಲಿಲ್ಲ. ಅವಳು ಓದಿದ ಎರಡು ವರ್ಷ ನಿಜ. ನನ್ನ ತಪ್ಪನ್ನು ಅವಳ ತಲೆಗೆ ಕಟ್ಟಬೇಡಿ." ಸೈನು ಮಾಡಿ ದೇವರ ಗೂಡಿನಲ್ಲಿಟ್ಟೆ. ಮೂಲೆಗಳು ಬೋಳಾಗಿಯೇ ಇವೆ. ಮಾದಪ್ಪನಿಗೆ ಕಣ್ಣಿದೆ, ಗುರುತು ಬೇಕಿಲ್ಲ.

ಮಗ ಮನೋಹರ ಚನ್ನಪಟ್ಟಣದಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸುತ್ತಾನಂತೆ. ಹೊರಗೆ ಬೈಕ್ ಸ್ಟಾರ್ಟ್ ಮಾಡಿಕೊಂಡು, "ಅವ್ವಾ, ತಂದ್ಕೊಡು" ಅಂತಿದ್ದಾನೆ. ಪುಟ್ಟಿ ಆಗಲೇ ಮುಂದೆ ಹತ್ತಿ ಕೂತಿದ್ದಾಳೆ, ಅಮ್ಮನಿಗೆ ಹೋಗುವ ಕಾಗದವಂತೆ.

ಶುಕ್ರವಾರ. ಈಗಷ್ಟೇ ಹೊಸ್ತಿಲಿಗೆ ಅರಿಶಿನ ಬಳಿದಿದ್ದೇನೆ. ಎಷ್ಟು ತೊಳೆದರೂ ಬೆರಳ ಹಳದಿ ಬಿಟ್ಟಿಲ್ಲ, ಈ ಪುಟಕ್ಕೂ ತಾಗಿದೆ. ದೇವ್ರ ಗೂಡಿನಲ್ಲೈತೆ ಕಣಪ್ಪಾ ಮನೋಹರಾ ನನ್ನ ಉತ್ತರ, ನೀನೇ ಒಳಗೆ ಬಂದು ತಕ್ಕೊಂಡು ಹೋಗು, ನಾನು ಮುಟ್ಟಾಕಿಲ್ಲ —