ನಗು ಮುಗಿಯುವವರೆಗೆ ಕಾಯುತ್ತಿದ್ದ ಮುಖ

ಚಲನಚಿತ್ರ ಸಂರಕ್ಷಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಹಳೆಯ ಪ್ರೇಮ-ಹಾಸ್ಯದ ಚಿತ್ರಕ್ಕೆ ನೀವು ‘ಚಿರಸ್ಥಾಯಿ’ ಎಂಬ ಗೌರವ ಕೊಟ್ಟಿರಿ. ಅದೇ ಕೈಯಲ್ಲಿ ಅದರಿಂದ ನನ್ನ ಮುಖವನ್ನು ಕತ್ತರಿಸಿ ತೆಗೆದಿರಿ. ಅದನ್ನು ಮರಳಿಸಿ ಎಂದು ಕೇಳಲು ಈ ಪತ್ರ. ತೊಂಬತ್ತು ದಾಟಿದವಳು ನಾನು, ಜಗಳಕ್ಕೆ ತ್ರಾಣ ಉಳಿದಿಲ್ಲ.

ಆ ಚಿತ್ರದಲ್ಲಿ ನಾನು ನಾಯಕಿಯ ಮನೆಗೆಲಸದವಳು. ಊಟದ ಹೊತ್ತಿಗೆ ನಾಯಕ ಮುಗ್ಗರಿಸಿ ನಾಯಕಿಯ ಅಪ್ಪನ ತಲೆಯ ಮೇಲೆ ಸೂಪ್ ಸುರಿಯುತ್ತಾನೆ. ಮರುಕ್ಷಣವೇ ‘ನನ್ನನ್ನು ಮದುವೆಯಾಗು’ ಎಂದು ನಾಯಕಿಯನ್ನು ಕೇಳುತ್ತಾನೆ. ಬಿಡುಗಡೆಗೆ ಮೊದಲು ಪಸಡೀನಾದ ಚಿತ್ರಮಂದಿರವೊಂದರಲ್ಲಿ ಜನರಿಗೆ ತೋರಿಸಿದೆವು. ಆಗೆಲ್ಲ ಅದೇ ಪದ್ಧತಿ. ಸೂಪಿಗೆ ಜನ ಎಷ್ಟು ನಕ್ಕರೆಂದರೆ ಮದುವೆಯ ಮಾತು ಒಬ್ಬರಿಗೂ ಕೇಳಿಸಲಿಲ್ಲ. ಮಾರನೆಯ ದಿನ ನಿರ್ದೇಶಕ ಹೊಲೆನ್‌ಬೆಕ್ ನನ್ನನ್ನು ಕರೆಸಿದರು. “ಡೆಲ್ಫೀನ್, ಏನೂ ಮಾಡ್ಬೇಡಮ್ಮ. ಸೂಪಿನ ಪಾತ್ರೆ ಹಿಡ್ಕೊಂಡು ಸುಮ್ನೆ ನೋಡ್ತಾ ನಿಂತ್ಕೋ. ಜನ ನಕ್ಕು ಮುಗಿಸ್ಲಿ, ಆಮೇಲೆ ಅವನು ಕೇಳ್ತಾನೆ.” ನಿಂತೆ. ಆ ತುಣುಕನ್ನು ಸೂಪಿಗೂ ಮದುವೆಯ ಮಾತಿಗೂ ನಡುವೆ ಸೇರಿಸಿದರು. ಪರದೆಯ ತುಂಬ ನನ್ನ ಮುಖ ಬಂದದ್ದು ಜನ್ಮಕ್ಕೆ ಅದೊಂದೇ ಸಲ.

ಆ ವರ್ಷ ಪ್ರಶಸ್ತಿ ಯುದ್ಧದ ಚಿತ್ರಕ್ಕೆ ಹೋಯಿತು. ಅಳುವ ಮಗುವಿಗೇ ಹಾಲು ಎಂಬ ಮಾತು ಈ ಸಿನಿಮಾ ಊರಿನ ಬಹುಮಾನಗಳಿಗೂ ಸಲ್ಲುತ್ತದೆ. ನಗಿಸಿದವರು ಚಪ್ಪಾಳೆ ತಟ್ಟಿ ಮನೆಗೆ ಬಂದೆವು.

ಈಗ ನಿಮ್ಮ ಪರಿಣತರು ಚಿತ್ರವನ್ನು ತೊಳೆದು ಬೆಳಗಿದ್ದಾರೆ. ಖಾಲಿ ಕೋಣೆಯಲ್ಲಿ ಕೂತು ನೋಡಿದ ಅವರಿಗೆ ನನ್ನ ಮುಖ ‘ಅನಗತ್ಯ ವಿಳಂಬ’ ಎನಿಸಿತಂತೆ. ಸರಿಯೇ. ನಗುವವರೇ ಇಲ್ಲದ ಕಡೆ ನಗುವಿಗೆ ಜಾಗವೇಕೆ? ಆದರೆ ಗೌರವದ ಸಂಜೆಗೆ ಜನರನ್ನು ಕರೆದುಬಿಟ್ಟಿರಲ್ಲ ಸ್ವಾಮಿ! ಸೂಪ್ ಸುರಿಯಿತು, ಜನ ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನ ಹೆಂಗಸು ಗಂಡನನ್ನು ಕೇಳಿದಳು:

“ಏನಂದ ಅವನು?”

“ಯಾರಿಗ್ಗೊತ್ತು. ಆ ಹುಡುಗಿ ಅಳ್ತಿದಾಳೆ ನೋಡು, ಅವಳ ಮೇಲೂ ಸೂಪು ಬಿತ್ತೇನೋ.”

ಪಕ್ಕದಲ್ಲಿದ್ದ ನನ್ನ ತಮ್ಮನ ಮಗಳು ರೋಸಲಿಂಡ್ ನನ್ನ ಕೈ ಹಿಡಿದು ಕೇಳಿದಳು: “ಅತ್ತೆ, ನೀವ್ಯಾವಾಗ ಬರ್ತೀರಿ?”

“ಬಂದು ಹೋದೆ ಕಣೇ. ನೀನು ನಗ್ತಾ ಇದ್ದೆ” ಎಂದೆ. ಸುಳ್ಳು ಹೇಳಿದೆ.

ಬರುವ ತಿಂಗಳು ಚಿತ್ರದ ಈ ಹೊಸ ಪ್ರತಿಯು ಊರೂರಿಗೆ ಹೊರಡಲಿದೆಯಂತೆ. ಅದಕ್ಕೆ ಮುನ್ನ ನನ್ನ ತುಣುಕನ್ನು ಇದ್ದಲ್ಲಿಗೆ ಸೇರಿಸಿ. ಅದು ನಿಮ್ಮ ಭಂಡಾರದಲ್ಲೇ ಇದೆ. ಗೌರವದ ಫಲಕದಲ್ಲಿ ಹೆಸರು ಬೇಡ, ವೇದಿಕೆಯೂ ಬೇಡ. ಆ ಬಡಪಾಯಿ ಮದುವೆಗೆ ಕೇಳಿದ್ದು ಜನರ ಕಿವಿಗೆ ಬೀಳಲಿ. ನಾನು ಕಣ್ಣು ಮುಚ್ಚುವ ಮೊದಲು ರೋಸಲಿಂಡ್‌ಗೆ ಹೇಳಿದ್ದು ನಿಜವಾಗಲಿ.

ಇಂತಿ,
ಸೂಪಿನ ಪಾತ್ರೆ ಹಿಡಿದು ಇನ್ನೂ ನಿಂತೇ ಇರುವ
ಡೆಲ್ಫೀನ್ ಕ್ರಾಬ್‌ಟ್ರೀ