ಬಲಗಡೆಯ ಬಾಗಿಲು

ಗಾಳಿಬೀಡು
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಂಗಿ ಬೊಳ್ಳಮ್ಮನಿಗೆ,

ಮೊದಲು ನಿನ್ನ ಮಂಡಿಯ ಸಮಾಚಾರ ಬೇಕು. ಸುಳ್ಯದ ಡಾಕ್ಟರು ಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯೋ ಅಥವಾ ಮಗಳ ಮದುವೆಯ ಓಡಾಟದಲ್ಲಿ ಬಾಟಲಿ ಕಪಾಟಿನಲ್ಲೇ ಕೂತಿದೆಯೋ? ಬಾವನ ಸಕ್ಕರೆ ಹತೋಟಿಯಲ್ಲಿರಲಿ. ಲಾಡಿನ ರುಚಿ ನೋಡುವ ಕೆಲಸವನ್ನು ಮಾತ್ರ ಅವರಿಗೆ ವಹಿಸಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಕಾಫಿ ಹಣ್ಣಾಗುತ್ತಿದೆ, ಮೋಡ ಇನ್ನೂ ಊರು ಬಿಟ್ಟಿಲ್ಲ. ನಿನ್ನ ಅತ್ತಿಗೆ ರಾಮಮ್ಮ ಈ ವಾರವೆಲ್ಲ ನನ್ನನ್ನು ನೋಡಿ ನಗುತ್ತಿದ್ದಾಳೆ, ಕಾರಣ ಮುಂದೆ ಬರುತ್ತದೆ. ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳುವುದು ಗೊತ್ತು. ಫೋನಿನಲ್ಲಾದರೆ ಎರಡನೆಯ ವಾಕ್ಯಕ್ಕೇ ನಡುವೆ ಬಾಯಿ ಹಾಕುತ್ತೀ. ಕಾಗದ ಓದುವವರಿಗೆ ಆ ಸೌಕರ್ಯವಿಲ್ಲ.

ನನ್ನ ರೆಕಾರ್ಡರ್ ಮನೆಗೆ ಬಂತು. ೨೦೦೪ರ ಬೇಸಗೆಯಲ್ಲಿ ಅವ್ವನನ್ನೂ ನಿನ್ನನ್ನೂ ಜಗಲಿಯಲ್ಲಿ ಕೂರಿಸಿ, ಅವ್ವನ ಮದುವೆ ಸೋಬಾನೆಯನ್ನು ಸಿ.ಡಿ.ಗೆ ಇಳಿಸಿದೆನಲ್ಲ, ಅದೇ ಎರಡು ಬಾಗಿಲಿನ ಪೆಟ್ಟಿಗೆ. ಹಾಡಿಸಿದ ಮರುದಿನವೇ ನಮ್ಮ ಸಾಂಸ್ಕೃತಿಕ ಸಂಘದವರು, ವಾರ್ಷಿಕೋತ್ಸವಕ್ಕೆ ಒಂದು ವಾರದ ಮಟ್ಟಿಗೆ ಎಂದು ಅದನ್ನು ಕೈಪಿಡಿ ಸಮೇತ ಹೊತ್ತೊಯ್ದಿದ್ದರು. ಆ ವಾರ ಮೊನ್ನೆ ಮುಗಿಯಿತು. ನಡುವೆ ಎಷ್ಟು ಅಧ್ಯಕ್ಷರು ಬಂದುಹೋದರೋ ಅಷ್ಟೂ ಜನರಿಗೆ ಪತ್ರ ಬರೆದಿದ್ದೇನೆ. ಅವರಲ್ಲೊಬ್ಬ ಮಹಾನುಭಾವರು, ಸಂಸ್ಕೃತಿ ಎಲ್ಲರ ಸೊತ್ತು ಎಂದು ಉತ್ತರ ಕೊಟ್ಟಿದ್ದರು. ಸಂಸ್ಕೃತಿ ಎಲ್ಲರದಿರಬಹುದು, ರೆಕಾರ್ಡರ್ ನನ್ನದು ಎಂದು ಮರು ಟಪಾಲಿಗೆ ಬರೆದೆ. ಈಗ ಸಂಘದ ಕೋಣೆಗೆ ಬಣ್ಣ ಹೊಡೆಸುತ್ತಿದ್ದಾರಂತೆ. ಗೋಣಿಚೀಲದಲ್ಲಿ ಕಟ್ಟಿ ತಂದು ಮೆಟ್ಟಿಲ ಮೇಲಿಟ್ಟು, “ಗುಜರಿಗೆ ಹಾಕುವ ಮುಂಚೆ ಒಂದು ಮಾತು ಕೇಳುವಾಂತ ಬಂದೆವು ಸಾರ್” ಎಂದರು. ಕೇಳಿದ್ದೇ ದೊಡ್ಡ ಉಪಕಾರ. ಬಯ್ಯಲು ಬಾಯಿ ತೆರೆದವನು ಚೀಲದಲ್ಲಿ ಕೈಪಿಡಿಯೂ ಇರುವುದನ್ನು ಕಂಡು, ಕಾಫಿ ಕುಡಿಸಿ ಕಳಿಸಿದೆ.

ನಿನಗೆ ನೆನಪಿದೆ, ಆ ಮಳೆಗಾಲದಲ್ಲೇ ಅವ್ವ ಹೋದಳು. ತಿಥಿಯ ದಿನ ನೆಂಟರೆಲ್ಲ ಕೂತಿರುವಾಗ ಆ ಸಿ.ಡಿ.ಯನ್ನು ಬಾವನ ಪ್ಲೇಯರಿಗೆ ಹಾಕಿದೆವು, ತಟ್ಟೆಯೇ ಇಲ್ಲ ಎಂದಿತು ಅದು. ಮಡಿಕೇರಿಯ ಅಂಗಡಿಯಲ್ಲೂ ಹಾಗೆಯೇ, ಕಂಪ್ಯೂಟರಿನಲ್ಲೂ ಹಾಗೆಯೇ. “ಅಣ್ಣನ ಮಿಷನ್ ಅವ್ವನ ಸ್ವರ ನುಂಗಿಬಿಡ್ತ್” ಎಂದು ನೀನು ಅಂದೆ. ನೆಂಟರು ಆ ಮಾತನ್ನು ಹಿಡಿದುಕೊಂಡರು. ಈಗಲೂ ಮದುವೆ ಮನೆಗಳಲ್ಲಿ ಊಟದ ಎಲೆ ಹಾಕುವಾಗ, ನನ್ನ ಕಡೆ ಬೆರಳು ತೋರಿಸಿ, ಸೋಮಣ್ಣನಿಗೆ ಖಾಲಿ ತಟ್ಟೆ ಕೊಡಿ ಎಂದು ನಗುವವರಿದ್ದಾರೆ. ಅದು ಹೋಗಲಿ. ನೀನು ಅಂದಿನಿಂದ ಹಾಡುವುದನ್ನೇ ಬಿಟ್ಟೆ. ಕಳೆದ ತಿಂಗಳು ಕವನಾಳ ಮದುವೆ ಗೊತ್ತಾದಾಗ ಸೋಬಾನೆಯ ಮಾತೆತ್ತಿದೆ. “ನಡುವಿನ ಹಾಡುಗ ಒಂದೂ ನೆಂಪಿಲ್ಲೆ, ಅವ್ವನೊಟ್ಟಿಗೆ ಅದೂ ಹೋತ್, ಬಿಡಣ್ಣ” ಎಂದೆ. ಬದಲಿಗೆ ಡಿ.ಜೆ. ಗೊತ್ತುಮಾಡಿದ್ದೀರಂತೆ. ನಮ್ಮ ಮನೆಯ ಹೆಣ್ಣುಮಗಳು ಹೊಸ್ತಿಲು ದಾಟುವಾಗ ಕಿವಿ ಕಿವುಡಾಗುವ ಡೊಂ ಡೊಂ ಸದ್ದು. ಆ ರಾತ್ರಿ ನನಗೆ ಊಟ ಸೇರಲಿಲ್ಲ ಬೊಳ್ಳು.

ಈಗ ಯಂತ್ರದ ವಿಷಯ ಕೇಳು, ಬೇಗ ಬೇಗ ಹೇಳುತ್ತೇನೆ. ಕೈಪಿಡಿಯಲ್ಲಿ ಲೋಕದ ಭಾಷೆಗಳೆಲ್ಲ ಇವೆ, ಕನ್ನಡವೊಂದಿಲ್ಲ. ಆ ಬಗ್ಗೆ ಕಂಪನಿಗೆ ಬೇರೆಯೇ ಪತ್ರ ಬರೆಯುತ್ತೇನೆ. ಎಡಗಡೆಯ ಬಾಗಿಲು ಹಾಡುವುದಕ್ಕೆ ಮಾತ್ರ, ಬಲಗಡೆಯದು ಬರೆಯುವುದಕ್ಕೆ. ಮೂಲ ಸಿ.ಡಿ.ಯನ್ನು ಎಡಕ್ಕೆ, ಖಾಲಿಯದನ್ನು ಬಲಕ್ಕೆ ಹಾಕಿ ನಕಲಿನ ಗುಂಡಿ ಒತ್ತಿದರೆ ಅದು ತಾನಾಗಿ ಇಳಿಸಿಕೊಳ್ಳುತ್ತದೆ. ಖಾಲಿ ಸಿ.ಡಿ. ಸಂಗೀತಕ್ಕೆಂದೇ ಮಾಡಿದ್ದಾಗಿರಬೇಕು, ಕಂಪ್ಯೂಟರಿನದನ್ನು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಎರಡೂ ನೋಡಲು ಒಂದೇ. ತಟ್ಟೆಯ ಜಾತಿ ಕೇಳುವ ಯಂತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಎದುರಿಗೆ ಹಾಡುವವರನ್ನು ಹಿಡಿಯುವುದಾದರೆ ಮೈಕ್ ಸಿಕ್ಕಿಸಿ ರೆಕಾರ್ಡ್ ಗುಂಡಿ ಒತ್ತಬೇಕು. ಆಗ ಅದು ಬರೆಯುವುದಿಲ್ಲ, ಕಿವಿಗೊಟ್ಟು ಕಾಯುತ್ತದೆ. ಸ್ವರದ ಏರಿಳಿತಕ್ಕೆ ದೀಪದ ಗೆರೆಗಳು ಕುಣಿಯುತ್ತವೆ, ಕೆಂಪು ತಾಗದ ಹಾಗೆ ತಿರುಪು ತಿರುಗಿಸಿ, ಆಮೇಲೆ ಇನ್ನೊಂದು ಗುಂಡಿ ಒತ್ತಿದರೆ ಬರೆಯಲು ತೊಡಗುತ್ತದೆ. ಇಷ್ಟೆಲ್ಲ ಆದ ಮೇಲೆ ಕೊನೆಗೊಂದು ಕೆಲಸ ಉಂಟು. ಅದಕ್ಕೆ ಅವರು ಫೈನಲೈಸ್ ಎನ್ನುತ್ತಾರೆ. ನಾವು ಮುಚ್ಚುವುದು ಎನ್ನೋಣ. ಹಾಗೆ ಮುಚ್ಚುವವರೆಗೆ ಆ ಸಿ.ಡಿ. ಹಾಡುವ ಪೆಟ್ಟಿಗೆಗಳ ಕಣ್ಣಿಗೆ ಖಾಲಿ. ಬರೆದ ಬಾಗಿಲಿಗೆ ಮಾತ್ರ ಅದರೊಳಗೆ ಏನಿದೆ ಎಂದು ಗೊತ್ತು.

ಈ ಸಾಲನ್ನು ಓದಿದವನು ಕುರ್ಚಿ ಬೀಳಿಸಿಕೊಂಡು ಎದ್ದೆ. ಅವ್ವನ ಸಿ.ಡಿ.ಯನ್ನು ನಾವು ಮುಚ್ಚಿರಲೇ ಇಲ್ಲ. ಅದು ಎಲ್ಲಿದೆ ಎಂದು ಕೂಗಾಡಿದೆ. ರಾಮಮ್ಮ ತನ್ನ ಧಾರೆ ಸೀರೆಯ ಮಡಿಕೆಯೊಳಗಿಂದ ತೆಗೆದುಕೊಟ್ಟಳು. ಬಿಸಾಡುವುದಕ್ಕೆ ಮನಸ್ಸು ಬಂದಿರಲಿಲ್ಲವಂತೆ. ನಮ್ಮ ಊರಿನ ಥಂಡಿಗೂ ಬೂಷ್ಟು ಹಿಡಿದಿಲ್ಲ. ಬೆನ್ನನ್ನು ಬೆಳಕಿಗೆ ವಾರೆಯಾಗಿ ಹಿಡಿದರೆ, ಒಳಗಿನಿಂದ ಅರ್ಧದವರೆಗೆ ಒಂದು ಬಣ್ಣ, ಅಲ್ಲಿಂದಾಚೆ ತುಸು ಬೇರೆ ಬಣ್ಣ. ಬರೆದಷ್ಟು ಜಾಗ ಕಣ್ಣಿಗೇ ಕಾಣುತ್ತದೆ. ಇಷ್ಟು ವರ್ಷ ಯಾರೂ ಬೆನ್ನು ನೋಡಿರಲಿಲ್ಲ. ಗಡಿಬಿಡಿಯಲ್ಲಿ ನಾನು ಮತ್ತೆ ಎಡಗಡೆಗೇ ಹಾಕಿ, ತಟ್ಟೆ ಇಲ್ಲ ಎನಿಸಿಕೊಂಡು, ತಲೆಗೆ ಕೈಹೊತ್ತು ಕೂತೆ. ರಾಮಮ್ಮ ನಗಲು ಶುರುಮಾಡಿದ್ದು ಆಗಲೇ. “ಓದಿದ್ದು ಬಲದ ಬಾಗಿಲು, ಹಾಕಿದ್ದು ಎಡಕ್ಕೆ. ಪುಸ್ತಕ ಓದುವವರ ಹಣೆಬರಹವೇ ಇಷ್ಟಾ?” ಎಂದಳು. ಬಲಗಡೆಯ ಬಾಗಿಲು ಬಿಗಿದುಕೊಂಡಿತ್ತು. ಉಗುರಿನಿಂದ ಮೆಲ್ಲನೆ ಎಳೆದೆ, ಬಂತು. ಸ್ವಲ್ಪ ಹೊತ್ತು ಗಿರ್ರೆಂದು ಯೋಚಿಸಿತು. ಆಮೇಲೆ ಅವ್ವ ಕೆಮ್ಮಿದಳು.

ಹಾಡಲ್ಲ, ಮೊದಲು ಅವಳ ಕೆಮ್ಮು. ಹಿಂದೆ ಕೋಳಿಯ ಸದ್ದು, ನಾನು “ಈಗ ಹಾಡವ್ವ” ಎನ್ನುವುದು, ಆಮೇಲೆ ಅವಳ ಸ್ವರ, ಅವಳ ಬೆನ್ನಿಗೇ ನಿನ್ನ ಸ್ವರ. ನಿನಗೆ ನೆನಪಿಲ್ಲ ಎಂದೆಯಲ್ಲ, ಆ ನಡುವಿನ ಹಾಡುಗಳೆಲ್ಲ ಒಂದೂ ಬಿಡದೆ ಇವೆ. ಎಣ್ಣೆ ಅರಿಸಿನದ್ದು, ಬಳೆ ತೊಡಿಸುವುದು, ದಿಬ್ಬಣ ಬರುವುದು. ಒಂದು ಕಡೆ ನೀನು ಓಡುತ್ತೀ, ಅವ್ವ ಹಾಡು ನಿಲ್ಲಿಸಿ ಗದರುತ್ತಾಳೆ: “ಮೆಲ್ಲ ಬೊಳ್ಳು, ಮದುಮಗಳಿಗೆ ಬಸ್ ಹಿಡಿಯಕ್ಕಿಲ್ಲೆ.” ರಾಮಮ್ಮ ನಗುತ್ತ ನಗುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಏನು ಮಾಡಿದೆ ಎಂದು ಬರೆಯುವುದಿಲ್ಲ. ಫೋನಿನಲ್ಲಿ ಹಿಡಿದು ಈಗಲೇ ಕಳಿಸಿ ಎಂದು ಅವಳು ಹೇಳಿದಳು. ನಾನು ಒಪ್ಪಲಿಲ್ಲ. ಇಷ್ಟು ವರ್ಷ ಕಾದ ಸ್ವರವನ್ನು ನೀನು ಅಂಗೈಯಗಲದ ಫೋನಿನಲ್ಲಿ, ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳುವುದು ಬೇಡ.

ಬಾವನವರಿಗೆ ನಮಸ್ಕಾರ ತಿಳಿಸು. ಡಿ.ಜೆ. ಬಗ್ಗೆ ನಾನು ಹೇಳಿದ್ದನ್ನು ಅವರಿಗೆ ಓದಿ ಹೇಳಬೇಡ, ಅಥವಾ ಹೇಳು. ಕವನಾಳಿಗೆ ಮಾವನ ಆಶೀರ್ವಾದ. ಅಜ್ಜಿಯ ಗದರಿಕೆ ಅವಳ ಕಿವಿಗೂ ಬೀಳಲಿ. ನಿನ್ನ ಮಂಡಿ ಬೇಗ ಗುಣವಾಗಲೆಂದು ಅತ್ತಿಗೆ ದೇವರಿಗೆ ತುಪ್ಪದ ದೀಪ ಹೇಳಿಕೊಂಡಿದ್ದಾಳೆ.

ನಿನ್ನ ಅಣ್ಣ,
ಸೋಮಯ್ಯ

ಮರೆತೆ: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆಯಲೇಬೇಕು. ದಿಬ್ಬಣದ ಹಾಡು ಮುಗಿದ ಮೇಲೆ ನೀನು ಕಾಫಿ ತರಲು ಒಳಗೆ ಎದ್ದು ಹೋದ ಸದ್ದಿದೆ. ಆಗ, ಇನ್ನು ಸಿ.ಡಿ. ಮುಚ್ಚಲೇ ಎಂದು ನಾನು ಕೇಳಿದ್ದಕ್ಕೆ ಅವ್ವ ಹೇಳಿದ್ದೂ ಅದರಲ್ಲಿ ಬಿದ್ದಿದೆ: “ಮುಚ್ಚ್‌ಬೇಡ ಸೋಮ. ಹೊಸ್ತಿಲು ದಾಟುವ ಹಾಡ್ ಒಂದು ಬಾಕಿ ಉಟ್ಟು. ಮದುಮಗಳಿಲ್ಲದ ಮನೇಲಿ ಅದ್‌ನ ಹಾಡ್ದು ಸರಿಯಲ್ಲ. ಬೊಳ್ಳುಗೆ ಗೊತ್ತುಟ್ಟು.” ಅದಕ್ಕೇ ಅಂದು ಮುಚ್ಚಲಿಲ್ಲ, ಆಮೇಲೆ ನಾನೇ ಅದನ್ನು ಮರೆತಿದ್ದೆ. ಈಗಲೂ ಮುಚ್ಚಿಲ್ಲ. ಮುಚ್ಚದ ಸಿ.ಡಿ.ಗೆ ಇನ್ನೂ ಸೇರಿಸಬಹುದು, ಅರ್ಧ ಜಾಗ ಹಾಗೆಯೇ ಇದೆ. ಮೈಕ್ ಜಗಲಿಯಲ್ಲಿ ಸಿಕ್ಕಿಸಿಟ್ಟಿದ್ದೇನೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬಾ, ಕವನಾಳನ್ನು ಕರೆದುಕೊಂಡು ಬಾ. ಅವಳನ್ನು ಹೊಸ್ತಿಲಲ್ಲಿ ನಿಲ್ಲಿಸೋಣ.