ಬಸಿದ ಬೇಳೆ

ರೀ,

ಒಲೆ ಮೇಲೆ ತೊಗರಿಬೇಳೆ ಐತೆ. ನೆನೆಸಿ, ಬೇಯಿಸಿ, ನೀರು ಬಸಿದು ಚೆಲ್ಲೀನಿ. ಅರ್ಧ ಬಟ್ಟಲು ಸಾಕು. ಕಣ್ಣಳತೆಯಲ್ಲೇ ಅಡಿಕೆ ಚೀಲದ ತೂಕ ಹೇಳೋ ಜಾಣರಿಗೆ ಅರ್ಧ ಬಟ್ಟಲು ಎಷ್ಟು ಅಂತ ಮಾತ್ರ ತಿಳಿಯಂಗಿಲ್ಲ.

ಉಪ್ಪಿನಕಾಯಿ ಜಾಡಿ ಪಕ್ಕದ ಮನೆ ಕಲ್ಲಮ್ಮಗೆ ಕೊಟ್ಟೀನಿ, ಹುಡುಕಬೇಡ್ರಿ.

“ಬೇಳೆ ತಿನ್ರಿ, ಅಳತೆ ಮೀರಬೇಡ್ರಿ” ಅಂದ್ರು ಡಾಕ್ಟರು. ನಿಮಗೆ ಕೇಳಿಸಿದ್ದು ಮೊದಲನೇ ಮಾತಷ್ಟೇ. ಸಾಸ್ವೆಹಳ್ಳಿ ಮದುವೆ ಊಟದಾಗೆ ಮೂರು ಸಲ ಸಾರು ಹಾಕಿಸ್ಕೊಂಡ್ರಿ. ಮರುದಿನ ಕಾಲು ಊದಿದ್ದಕ್ಕೆ ಹೊಸ ಚಪ್ಪಲಿ ಬಿಗಿ ಅಂದ್ರಿ. ಆ ಸುಳ್ಳನ್ನ ಮೂರನೇ ಕ್ಲಾಸಿನ ಮೊಮ್ಮಗಳೂ ನಂಬಲಿಲ್ಲ.

ನಾನು ದಾವಣಗೆರೆ ಆಸ್ಪತ್ರೆಗೆ ಹೊಂಟೀನಿ. ನಿಮಗೆ ಹೇಳಿರಲಿಲ್ಲ, ಹೇಳಿದ್ರೆ ಬೇಡ ಅಂತಿದ್ರಿ. ನನ್ನ ಕಿಡ್ನಿ ನಿಮಗೆ ಹೊಂದುತ್ತಾ ಅಂತ ಇವತ್ತು ಪರೀಕ್ಷೆ ಮಾಡ್ತಾರೆ. ಹೊಂದಿದ್ರೆ, ನಿಮ್ಮೊಳಗಿದ್ರೂ ಅದು ನನ್ನದು. ಅದನ್ನೂ ಹಾಳು ಮಾಡಾಕೆ ಬಿಡಂಗಿಲ್ಲ.